ಹನ್ನೆರಡನೇ ಫಾರಮ್ಮಿನವರೆಗೂ ಮಾಯದ ಗಾಯ

ಪ್ರೂಫ್ ಓದುವುದು ಎಂದರೆ ಓದುವುದಲ್ಲ. ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು ಇದು. ಅವರು ನಂಬದ ಮೊದಲ ಮಾತೂ ಇದೇ. ಓದುಗರು ಕಥೆಯ ಹಿಂದೆ ಹೋಗುತ್ತಾರೆ, ನಾವು ಅಕ್ಷರದ ಹಿಂದೆ ಹೋಗಬೇಕು. ನಾಯಕ ಕುದುರೆಯಿಂದ ಬಿದ್ದು ಪ್ರಾಣ ಬಿಡುತ್ತಿದ್ದರೂ ಆ ಪ್ರಾಣಕ್ಕೆ ಒತ್ತಕ್ಷರ ಬಿದ್ದಿದೆಯೇ ಎಂದು ನೋಡುವ ಕಲ್ಲೆದೆ ನಮಗೆ ಬೇಕು. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಕಲಿತ ಮೇಲೆ ಬೇಕೆಂದೇ ಮರೆತದ್ದು ಒಂದೇ ಒಂದು ಸಲ. ಅದನ್ನೂ ಬರೆಯುತ್ತೇನೆ. ನಾಚಿಕೊಳ್ಳುವ ವಯಸ್ಸು ದಾಟಿ ಬಹಳ ದಿನವಾಯಿತು.

ಐವತ್ತರ ದಶಕದ ಕೊನೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಗುಮಾಸ್ತರು. ಜಯನಗರದಲ್ಲಿ ಸೈಟು ಸಿಕ್ಕಿ ಮನೆ ಕಟ್ಟಿಸಿದ್ದರು. ಆಗಿನ ಜಯನಗರ ಎಂದರೆ ಸೈಟಿನ ಮೂಲೆಗೊಂದು ಅಳತೆಕಲ್ಲು, ಕೆಂಪು ಧೂಳು, ಅಲ್ಲೊಂದು ಇಲ್ಲೊಂದು ಮನೆ. ಬಸವನಗುಡಿಯ ನೆಂಟರು ನಮ್ಮನ್ನು ವನವಾಸಕ್ಕೆ ಹೋದವರು ಎಂದೇ ಆಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಸಾರಕ್ಕಿ ಕಡೆಯಿಂದ ಸೊಪ್ಪು ಹೊತ್ತು ಬರುವ ಹೆಂಗಸರನ್ನು ಬಿಟ್ಟರೆ ಮಾತಾಡಿಸಲು ಮನುಷ್ಯರಿರಲಿಲ್ಲ. ಹನುಮಂತನಗರದಲ್ಲಿ ಅಪ್ಪನ ಪರಿಚಯದವರೊಬ್ಬರ ಅಚ್ಚುಕೂಟವಿತ್ತು. ಅಲ್ಲಿ ಓದಲು ಬರುವ ಹುಡುಗಿ ಬೇಕಂತೆ ಎಂದು ಅಪ್ಪನೇ ಕರೆದುಕೊಂಡು ಹೋದರು.

ಮಾಲೀಕರು ನನ್ನ ಅಂಕಪಟ್ಟಿಯನ್ನು ನೋಡಲೇ ಇಲ್ಲ. ಕೈಗೊಂದು ಹಾಳೆ ಕೊಟ್ಟು "ಓದಮ್ಮ" ಎಂದರು. ಓದಿದೆ.

"ಗಂಟ್ಲು ಗಟ್ಟಿಯಾಗಿದೆ. ಬೆಳಿಗ್ಗೆ ಒಂಬತ್ತರಿಂದ ಸಾಯಂಕಾಲ ಐದರವರೆಗೂ ಹಿಂಗೇ ಓದ್ತೀಯಾ?"

ನನಗಿಂತ ಮೊದಲು ಅಪ್ಪ ಉತ್ತರ ಕೊಟ್ಟರು. "ಮನೇಲೂ ಅಷ್ಟೇ ಸಾರ್, ಬಾಯಿ ಮುಚ್ಚೋದೇ ಇಲ್ಲ."

ಕೆಲಸ ಸಿಕ್ಕಿತು.

ಈಗಿನವರಿಗೆ ಇದು ಗೊತ್ತಿರಲಾರದು. ಆಗ ಪ್ರೂಫ್ ನೋಡುವುದಕ್ಕೆ ಇಬ್ಬರು ಬೇಕಿತ್ತು. ಒಬ್ಬರು ಲೇಖಕರ ಕೈಬರಹದ ಹಾಳೆ ಹಿಡಿದು ಗಟ್ಟಿಯಾಗಿ ಓದಬೇಕು. ಎದುರಿಗೆ ಕೂತ ಇನ್ನೊಬ್ಬರು ಅಚ್ಚಾಗಿ ಬಂದ ಕರಡಿನ ಮೇಲೆ ಕಣ್ಣಿಟ್ಟು, ಕೇಳುತ್ತಾ, ತಪ್ಪಿದ್ದಲ್ಲಿ ತಿದ್ದಬೇಕು. ಓದುವವಳು ನಾನು. ತಿದ್ದುವವರು ಅನಂತರಾಮಯ್ಯ. ಅವರಿಗೆ ಮೂವತ್ತೈದರ ಸುಮಾರು. ಬಿಳಿ ಷರಟು, ಪಂಚೆ, ಕಿವಿಯ ಮೇಲೊಂದು ಕೆಂಪು ಪೆನ್ಸಿಲ್. ನಮ್ಮ ನಡುವೆ ಒಂದು ಮೇಜು, ಮೇಜಿನ ಪಕ್ಕ ಒಂದು ಕಿಟಕಿ. ಕಿಟಕಿಯಲ್ಲಿ ಗುಡ್ಡದ ಮೇಲಿನ ದೇವಸ್ಥಾನ ಕಾಣುತ್ತಿತ್ತು.

ಬರೀ ಮಾತನ್ನು ಓದಿದರೆ ಸಾಲದು, ಚಿಹ್ನೆಗಳನ್ನೂ ಓದಬೇಕಿತ್ತು. ‘ಪ್ರಿಯೆ ಕಾಮಾ ನಿನ್ನನ್ನು ಅಗಲಿ ಹೇಗಿರಲಿ ಪ್ರಶ್ನೆ’ ಎಂದು ಓದಿದರೆ ಅವರು ಕರಡಿನಲ್ಲಿ ಕಾಮಾ ಇದೆಯೇ, ಪ್ರಶ್ನೆಚಿಹ್ನೆ ಇದೆಯೇ ನೋಡುತ್ತಿದ್ದರು. ಮದುವೆಯಾಗದ ಹುಡುಗಿಯೊಬ್ಬಳು ಪರ ಗಂಡಸಿನ ಎದುರು ಕೂತು ದಿನವಿಡೀ ಪ್ರಣಯದ ಮಾತಾಡುವುದನ್ನು ಬೇರೆ ಎಲ್ಲಾದರೂ ಜನ ಸಹಿಸುತ್ತಿದ್ದರೋ ಇಲ್ಲವೋ. ಅಚ್ಚುಕೂಟದಲ್ಲಿ ಅದಕ್ಕೆ ಕೆಲಸ ಎಂದು ಹೆಸರು. ಅಚ್ಚಿನ ಮೊಳೆ ಜೋಡಿಸುವವರು ಪಕ್ಕದಲ್ಲೇ ಇದ್ದರೂ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ನಮ್ಮಲ್ಲಿ ತಿಂಗಳಿಗೊಂದು ಐತಿಹಾಸಿಕ ಕಾದಂಬರಿ ಅಚ್ಚಾಗುತ್ತಿತ್ತು. ಬರೆಯುವವರು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದ ಮೇಷ್ಟ್ರು. ಹದಿನಾರು ಪುಟಕ್ಕೆ ಒಂದು ಫಾರಂ, ಹನ್ನೆರಡು ಫಾರಮ್ಮಿಗೆ ಒಂದು ಕಾದಂಬರಿ. ಮೇಷ್ಟ್ರು ನಾಲ್ಕನೇ ಫಾರಂ ಬರೆಯುವ ಹೊತ್ತಿಗೆ ಮೊದಲನೆಯದು ಅಚ್ಚಾಗಿ ಮೊಳೆ ಕಳಚಿ ಪೆಟ್ಟಿಗೆ ಸೇರಿರುತ್ತಿತ್ತು. ಹಾಗಾಗಿ ಒಮ್ಮೆ ಬರೆದದ್ದನ್ನು ಹಿಂದಕ್ಕೆ ಹೋಗಿ ಬದಲಾಯಿಸುವ ಮಾತೇ ಇರಲಿಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ಇದರಿಂದಲೇ ಆಯಿತು. ಸೇರಿದ ಹೊಸದರಲ್ಲಿ ನಾನು ಭಾವ ತುಂಬಿ ಓದುತ್ತಿದ್ದೆ. ಯುದ್ಧ ಬಂದರೆ ದನಿ ಏರುತ್ತಿತ್ತು, ಸಾವು ಬಂದರೆ ಅಳುತ್ತಿದ್ದೆ. ಆಗ ಅಚ್ಚಾಗುತ್ತಿದ್ದ ಕಾದಂಬರಿಯ ಸೇನಾಪತಿ ಚಿಕ್ಕಂದಿನಲ್ಲೇ ಅವಮಾನ ಉಂಡವನು, ಮಾತು ಬಿಟ್ಟವನು. ಒಂಬತ್ತನೇ ಫಾರಮ್ಮಿನಲ್ಲಿ ಅವನು ಗೆದ್ದು ಮನೆಗೆ ಬಂದಾಗ ತಾಯಿ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಕಣ್ಣೊರೆಸಿಕೊಂಡು ಓದಿದೆ. ಅನಂತರಾಮಯ್ಯ ಪೆನ್ಸಿಲ್ ಎತ್ತದೆ ಕೇಳಿದರು. ಪುಸ್ತಕ ಹೊಲಿಗೆಗೆ ಹೋದ ಮೇಲೆ ಗೊತ್ತಾಯಿತು, ಆ ತಾಯಿಯನ್ನು ಮೂರನೇ ಫಾರಮ್ಮಿನಲ್ಲೇ ಚಿತೆಗೇರಿಸಿ ಆಗಿತ್ತು.

"ಕೂತು ಅಳೋದಕ್ಕಾ ನಿಮ್ಮಿಬ್ರನ್ನೂ ಇಟ್ಕೊಂಡಿರೋದು?" ಎಂದು ಮಾಲೀಕರು ಕೂಗಾಡಿದರು.

"ನನ್ನ ತಪ್ಪು ಸಾರ್. ನಾನೇ ನೋಡ್ಲಿಲ್ಲ" ಎಂದರು ಅನಂತರಾಮಯ್ಯ.

‘ತಾಯಿ’ ಎಂದಿದ್ದ ಕಡೆಯೆಲ್ಲ ‘ಸೋದರತ್ತೆ’ ಎಂದು ಅಚ್ಚು ಮಾಡಿದ ಚೀಟಿ ಅಂಟಿಸಲು ಎರಡು ದಿನ ಹಿಡಿಯಿತು. ಆಮೇಲೆ ಓದುಗರಿಂದ ಕಾಗದ ಬಂತು, ಈ ಸೋದರತ್ತೆ ಇಷ್ಟು ದಿನ ಎಲ್ಲಿದ್ದಳು ಎಂದು. ಎರಡನೇ ದಿನ ಕೊನೆಯ ಚೀಟಿ ಅಂಟಿಸುವಾಗ ಅನಂತರಾಮಯ್ಯ ನನಗೆ ಬುದ್ಧಿ ಹೇಳಿದರು. "ಕಥೆ ಕೇಳಿಸ್ಬೇಡಿ ವಿಶಾಲಾಕ್ಷಮ್ಮ. ಅಕ್ಷರ ಕೇಳಿಸಿ, ಸಾಕು." ಅಂದಿನಿಂದ ನಾನು ಮಗ್ಗಿ ಒಪ್ಪಿಸುವ ಹಾಗೆ ಓದಲು ಕಲಿತೆ.

ಮೇಷ್ಟ್ರ ನಾಯಕರಿಗೆಲ್ಲ ಎದೆಯಲ್ಲೊಂದು ಗಾಯ ಇರಲೇಬೇಕಿತ್ತು. ಒಬ್ಬನಿಗೆ ರಾಜನಿಂದ ದ್ರೋಹ, ಇನ್ನೊಬ್ಬನಿಗೆ ಪ್ರೇಯಸಿಯಿಂದ, ಮತ್ತೊಬ್ಬ ತನ್ನ ಅಣ್ಣನನ್ನು ಉಳಿಸಿಕೊಳ್ಳಲಾಗದೆ ಹೋದವನು. ಕತ್ತಿ ಹಿಡಿದರೆ ನೂರು ಜನಕ್ಕೆ ಸಾಕು, ಆದರೆ ಒಂದು ಹೆಣ್ಣಿನ ಎದುರು ನೆಟ್ಟಗೆ ನಾಲ್ಕು ಮಾತು ಬಾರದು. ಒಮ್ಮೆ ಧೈರ್ಯ ಮಾಡಿ ಕೇಳಿದೆ, ಯಾಕೆ ಮೇಷ್ಟ್ರೇ ಎಲ್ಲರಿಗೂ ಹೀಗೆ ಎಂದು. ಅವರು ನಶ್ಯ ಏರಿಸಿ ಹೇಳಿದರು. "ಗಾಯ ಮಾಯ್ತು ಅಂದ್ರೆ ಪುಸ್ತಕ ಮುಚ್ಚಿಡ್ತಾರೆ ಕಣಮ್ಮ. ಹನ್ನೆರಡನೇ ಫಾರಂವರೆಗೂ ಕಾಪಾಡ್ಕೋಬೇಕು ಅದನ್ನ."

ಕೆಲವು ಸಲ ಹನ್ನೊಂದೂವರೆ ಫಾರಮ್ಮಿಗೇ ಕಥೆ ಮುಗಿದುಬಿಡುತ್ತಿತ್ತು. ಆಗ ಮಾಲೀಕರು ಬಾಗಿಲಿನಿಂದಲೇ ಕೂಗುತ್ತಿದ್ದರು. "ಮೇಷ್ಟ್ರೇ, ಅರ್ಧ ಫಾರಂ ಖಾಲಿ ಬೀಳುತ್ತೆ. ಇನ್ನೊಂದು ಎಂಟು ಪುಟ ನರಳಿಸಿ." ಮೇಷ್ಟ್ರು ಅಲ್ಲೇ ಬೆಂಚಿನ ಮೇಲೆ ಕೂತು, ಒಂದು ಲೋಟ ಕಾಫಿ ತರಿಸಿಕೊಂಡು, ಎಂಟು ಪುಟ ನರಳಿಸುತ್ತಿದ್ದರು. ಆ ಎಂಟು ಪುಟಗಳಿಗೇ ಹೆಂಗಸರು ಹೆಚ್ಚು ಕಾಗದ ಬರೆಯುತ್ತಿದ್ದರು.

ಒಮ್ಮೆ ಮಾತ್ರ ಮೇಷ್ಟ್ರಿಗೆ ಏನು ಬಂತೋ, ನಗುನಗುತ್ತಾ ಇರುವ ನಾಯಕನನ್ನು ಬರೆದರು. ಹೊಟ್ಟೆ ತುಂಬ ಉಣ್ಣುತ್ತಾನೆ, ಚೆನ್ನಾಗಿ ನಿದ್ದೆ ಮಾಡುತ್ತಾನೆ, ಯುದ್ಧ ಗೆದ್ದು ಬಂದು ಹೆಂಡತಿಯ ಜೊತೆ ಪಗಡೆ ಆಡುತ್ತಾನೆ. ಪುಸ್ತಕಗಳು ಕಟ್ಟು ಬಿಚ್ಚದೆ ಹಾಗೆಯೇ ಉಳಿದವು. ಬಂದದ್ದು ಒಂದೇ ಕಾಗದ. ‘ಇಂಥವನಿಗೆ ಹೆಂಡತಿ ಯಾಕೆ ಬೇಕು?’ ಎಂದು ಒಬ್ಬಾಕೆ ಕೇಳಿದ್ದಳು. ನಕ್ಕು ಫೈಲಿಗೆ ಹಾಕಿದೆವು, ಆದರೆ ಆ ಪ್ರಶ್ನೆಯಲ್ಲಿ ಹುರುಳಿತ್ತು.

ನಮ್ಮಮ್ಮನೂ ಈ ನಾಯಕರ ಭಕ್ತೆಯೇ. ನಾನು ತರುತ್ತಿದ್ದ ಹಳೆಯ ಕರಡುಗಳನ್ನು ಒಲೆಯ ಮುಂದೆ ಕೂತು ಓದುತ್ತಿದ್ದಳು. "ಪಾಪ ಕಣೇ ಈ ಸೇನಾಪತಿ. ಬೆಳಗ್ಗಿಂದ ಏನೂ ತಿಂದಿಲ್ಲ" ಎಂದು ಮರುಗುತ್ತಿದ್ದಳು. ಅದೇ ಹೊತ್ತಿಗೆ ಅಪ್ಪ ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂದು ತಟ್ಟೆ ಸರಿಸಿದರೆ "ಬೇಕಾದ್ರೆ ತಿನ್ನಿ" ಎನ್ನುತ್ತಿದ್ದಳು. ಅಪ್ಪನಿಗೂ ಆ ದಿನ ಆಫೀಸಿನಲ್ಲಿ ಏನೋ ಆಗಿರಬಹುದು ಎಂದು ನಮಗೆ ಹೊಳೆಯುತ್ತಲೇ ಇರಲಿಲ್ಲ.

ಇದನ್ನು ನನಗೆ ಬಿಡಿಸಿ ಹೇಳಿದವರು ತಲಘಟ್ಟಪುರದ ಒಬ್ಬ ಗೌಡತಿ. ಎರಡು ಭಾಗದ ಒಂದು ಕಾದಂಬರಿಯ ಮೊದಲ ಭಾಗದಲ್ಲಿ ನಾಯಕನ ಎದೆಗೆ ಬಾಣ ತಾಗಿ ಕಥೆ ನಿಂತಿತ್ತು. ಆಕೆ ಬಸ್ಸು ಹಿಡಿದು, ಕೇಳಿಕೊಂಡು ಕೇಳಿಕೊಂಡು ಅಚ್ಚುಕೂಟಕ್ಕೆ ಬಂದರು. ಕೈಯಲ್ಲೊಂದು ಅವರೆಕಾಯಿ ಚೀಲ. ಮೇಷ್ಟ್ರು ಇರಲಿಲ್ಲ, ನಾನೇ ಕೂರಿಸಿದೆ.

"ಅವ್ನನ್ನ ಸಾಯಿಸ್ಬೇಡಿ ಅಂತ ಬರೆಯೋರಿಗೆ ಹೇಳವ್ವ. ನಂಗೆ ಓದಾಕೆ ಬರಲ್ಲ, ಮಗಳು ಓದ್ತಾಳೆ, ನಾನು ಕೇಳ್ತೀನಿ."

"ಅಷ್ಟೊಂದು ಇಷ್ಟವಾ ಅವನು?" ಎಂದೆ.

"ನಮ್ಮನೆಯವ್ರೂ ಹಂಗೇ ಕಣವ್ವ, ಮಾತಾಡಲ್ಲ. ಹೊಲದಿಂದ ಬಂದು ಸುಮ್ಕೆ ಗೋಡೆ ನೋಡ್ಕಂಡು ಕೂತ್ಕತಾರೆ. ಇಪ್ಪತ್ತು ವರ್ಷ ಆಯ್ತು. ಯಾಕಂಗೆ ಕೂತ್ಕತಾರೆ ಅಂತ ನಂಗೆ ಹೇಳೋರು ಯಾರವ್ರೆ? ಪುಸ್ತಕದಾಗಾದ್ರೆ ಬರೆಯೋರು ಹೇಳ್ತಾರಲ್ಲ."

ಗಾಯಗೊಂಡ ನಾಯಕನ ಬಗ್ಗೆ ಇಡೀ ವೃತ್ತಿಯಲ್ಲಿ ನಾನು ಕೇಳಿದ ನಿಜವಾದ ಮಾತು ಇದೊಂದೇ. ನಮ್ಮ ಮನೆಗಳ ಗಂಡಸರಿಗೂ ನೋವಿತ್ತು. ಅದು ಬರೀ ಸಿಡುಕಾಗಿ ಹೊರಗೆ ಬರುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ. ಕಾದಂಬರಿಯಲ್ಲಿ ಮಾತ್ರ ಯಾರೋ ಒಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು ಕಾರಣ ಹೇಳುತ್ತಿದ್ದರು. ಕಾರಣ ತಿಳಿದ ಮೇಲೆ ಪ್ರೀತಿಸುವುದು ಏನು ಮಹಾ ಕಷ್ಟ? ಅಷ್ಟೇ ಅಲ್ಲ, ಅವನು ಲೋಕಕ್ಕೆಲ್ಲ ಕಲ್ಲು, ಒಬ್ಬಳಿಗೆ ಮಾತ್ರ ನೀರು. ಆ ಒಬ್ಬಳು ನಾನೇ ಎಂದುಕೊಳ್ಳಲು ಯಾರಿಗೂ ಟಿಕೆಟ್ ಬೇಕಿರಲಿಲ್ಲ. ಗೌಡತಿಯ ಮಾತು ಕೇಳಿ ಅನಂತರಾಮಯ್ಯನವರೂ ಪೆನ್ಸಿಲ್ ಕೆಳಗಿಟ್ಟಿದ್ದರು.

ಅವರ ಕಾರಣವನ್ನು ನನಗೆ ಹೇಳಿದವರು ಮಾಲೀಕರು. ನಾನು ಸೇರುವುದಕ್ಕೆ ಕೆಲವು ವರ್ಷ ಮುಂಚಿನ ಸಂಗತಿ. ಅನಂತರಾಮಯ್ಯನವರಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿಗೆ ಟೈಫಾಯಿಡ್ ಜ್ವರ. ಒಂದು ಪತ್ರಿಕೆಯ ಹಬ್ಬದ ಸಂಚಿಕೆಯ ಕೆಲಸ ತಲೆಯ ಮೇಲಿತ್ತು. ಬೇಗ ಬರಬೇಕೆಂದು ಮನೆಯಿಂದ ಹೇಳಿಕಳಿಸಿದಾಗ ಇವರು "ಈ ಫಾರಂ ಒಂದು ಮುಗಿಸಿ ಬರ್ತೀನಿ" ಎಂದರಂತೆ. ಮುಗಿಸಿ ಹೋಗುವಷ್ಟರಲ್ಲಿ ಆಕೆ ಇರಲಿಲ್ಲ.

ಇಷ್ಟು ಕೇಳಿದ ಮೇಲೆ ನನ್ನ ಕಥೆ ಮುಗಿಯಿತು. ಆಗ ನನಗೆ ಇಪ್ಪತ್ತೆರಡು. ಸೇನಾಪತಿಗಳ ನಡುವೆ ಮೂರು ವರ್ಷ ಕಳೆದ ಹುಡುಗಿಯ ಎದುರು ಅಂಥವನೇ ಒಬ್ಬ ಪಂಚೆ ಉಟ್ಟು ಕೂತಿದ್ದರೆ ಅವಳು ಏನು ಮಾಡಬೇಕು? ನನ್ನ ಗಂಟಲು ಕಟ್ಟಿದ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಮೇಜಿನ ನನ್ನ ಬದಿಗೆ ಎರಡು ಹರಳು ಕಲ್ಲುಸಕ್ಕರೆ ಬಂದಿರುತ್ತಿದ್ದವು. ಇಟ್ಟವರ ಕಣ್ಣು ಕರಡಿನ ಮೇಲೆಯೇ ಇರುತ್ತಿತ್ತು. ನಾನು ಬೇಕೆಂದೇ ಗಂಟಲು ಕೆಡಿಸಿಕೊಂಡ ದಿನಗಳೂ ಉಂಟು. ಅವರನ್ನು ಪ್ರೀತಿಸುತ್ತಿದ್ದೆ. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಆ ವರ್ಷ ಮನೆಯಲ್ಲಿ ಗಂಡು ನೋಡಲು ಶುರುಮಾಡಿದರು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಒಬ್ಬರ ಜಾತಕ ಕೂಡಿಬಂತು. ಭಾನುವಾರ ನೋಡಲು ಬರುವುದೆಂದು ನಿಶ್ಚಯವಾಯಿತು. ಗುರುವಾರ ಬೆಳಿಗ್ಗೆ ಅನಂತರಾಮಯ್ಯನವರಿಗೆ ಹೇಳಿದೆ. "ಭಾನುವಾರ ನನ್ನ ನೋಡೋಕೆ ಬರ್ತಿದ್ದಾರೆ."

ಅವರು ಕರಡನ್ನು ಬಿಡಿಸುತ್ತಿದ್ದರು. "ಒಳ್ಳೇದು" ಎಂದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದುಕೊಂಡು "ಶುರು ಮಾಡೋಣ್ವಾ?" ಎಂದರು.

ಅಂದು ಹನ್ನೆರಡನೇ ಫಾರಂ. ಏಳು ವರ್ಷದಿಂದ ಯಾರ ಮುಖವನ್ನೂ ನೋಡದೆ ಬದುಕಿದ್ದ ಸೇನಾಪತಿಯ ಕೋಟೆಯಿಂದ, ಅವನ ಗಾಯಕ್ಕೆ ಮದ್ದು ಕಟ್ಟಿದ ವೈದ್ಯರ ಮಗಳು ತನ್ನ ಊರಿಗೆ ಹೊರಟಿದ್ದಾಳೆ. ‘ಹೊರಡುತ್ತೇನೆ ಎಂದಳು ಪೂರ್ಣವಿರಾಮ’ ಎಂದು ಓದಿದೆ. ಮುಂದಿನ ವಾಕ್ಯ ‘ಸೇನಾಪತಿ ಮಾತಾಡಲಿಲ್ಲ’. ಅದನ್ನು ಓದಬೇಕಿತ್ತು. ಓದಲಿಲ್ಲ. ಅದೇ ದನಿಯಲ್ಲಿ, ಏರಿಸದೆ ಇಳಿಸದೆ, ಹಾಳೆಯ ಮೇಲೆ ಕಣ್ಣಿಟ್ಟುಕೊಂಡು ಹೇಳಿದೆ. "ಇರು ಎಂದು ಒಂದು ಮಾತು ಹೇಳಿದರೆ ಕಾಮಾ ನಾನು ಎಲ್ಲಿಗೂ ಹೋಗುವುದಿಲ್ಲ ಪೂರ್ಣವಿರಾಮ."

ಪೆನ್ಸಿಲ್ ನಿಂತಿತು.

"ಇದು ಕರಡಿನಲ್ಲಿಲ್ಲ" ಎಂದರು.

"ಜೋಡಿಸೋವಾಗ ಬಿಟ್ಟಿರ್ಬೇಕು" ಎಂದೆ.

ಒಂದು ಅಕ್ಷರ ಬಿಟ್ಟುಹೋಗಿದ್ದರೆ ಕಿವಿಯಿಂದ ಕೇಳಿ ತಿದ್ದಬಹುದು. ಇಡೀ ವಾಕ್ಯವೇ ಬಿಟ್ಟುಹೋಗಿದ್ದರೆ ತಿದ್ದುವವರು ಮೂಲದ ಹಾಳೆಯನ್ನು ತೆಗೆದುಕೊಂಡು ತಮ್ಮ ಕಣ್ಣಿನಿಂದಲೇ ನೋಡಬೇಕು. ಇದು ನಮ್ಮ ಮೇಜಿನ ನಿಯಮ. ಅದು ಹೊಳೆದದ್ದು ಅವರು ಕೈ ಚಾಚಿದಾಗ. ಕೊಟ್ಟೆ. ಮೇಷ್ಟ್ರದು ದೊಡ್ಡ ಅಕ್ಷರ, ಆ ಹಾಳೆಯಲ್ಲಿ ಇದ್ದದ್ದು ಹನ್ನೆರಡೇ ಸಾಲು. ನೋಡಲು ಅರ್ಧ ನಿಮಿಷ ಸಾಕಿತ್ತು. ಅವರು ಅದಕ್ಕಿಂತ ಬಹಳ ಹೊತ್ತು ನೋಡಿದರು. ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟು, ಕರಡಿನ ಅಂಚಿನಲ್ಲಿ ನನ್ನ ವಾಕ್ಯವನ್ನು ದುಂಡಗೆ ಬರೆದು, ಸೇರಿಸುವ ಗುರುತು ಹಾಕಿದರು.

"ಮುಂದೆ" ಎಂದರು.

ಲೇಖಕರ ಬರಹಕ್ಕೆ ನಮ್ಮ ಮಾತು ಸೇರಿಸುವುದಕ್ಕಿಂತ ದೊಡ್ಡ ಪಾಪ ಈ ವೃತ್ತಿಯಲ್ಲಿಲ್ಲ. ಹೊಸಬರು ನನ್ನನ್ನು ನೋಡಿ ಕಲಿಯಬೇಡಿ. ಆದರೆ ಅಂದು ನಾನು ಪಾಪ ಪುಣ್ಯದ ಲೆಕ್ಕದಲ್ಲಿರಲಿಲ್ಲ. ಆ ವಾಕ್ಯ ಹಾಳೆಯಲ್ಲಿಲ್ಲವೆಂದು ಅವರಿಗೆ ಗೊತ್ತು, ಗೊತ್ತಿದ್ದೂ ಬರೆದರು. ಇದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೇನು ಬೇಕು? ಮನೆಗೆ ಹೋಗುವಾಗ ನೆಲ ಕಾಲಿಗೆ ತಾಗುತ್ತಿರಲಿಲ್ಲ.

ಶುಕ್ರವಾರ ಕಾದೆ. ಶನಿವಾರ ಐದು ಗಂಟೆಯಾದ ಮೇಲೂ ಹಾಳೆ ಜೋಡಿಸುವ ನೆಪದಲ್ಲಿ ಕೂತೆ. ಅವರು ಪೆನ್ಸಿಲ್ ಒಳಗಿಟ್ಟು, ಕಿಟಕಿ ಮುಚ್ಚಿ, ನಮಸ್ಕಾರ ಹೇಳಿ ಹೋದರು. ಭಾನುವಾರ ಬ್ಯಾಂಕಿನವರು ಬಂದು ಉಪ್ಪಿಟ್ಟು ತಿಂದು, ಹುಡುಗಿಯ ದನಿ ಚೆನ್ನಾಗಿದೆ ಎಂದು ಒಪ್ಪಿಕೊಂಡು ಹೋದರು. ಒಳ್ಳೆಯ ಮನುಷ್ಯ, ಬಾಯ್ತುಂಬ ಮಾತಾಡುತ್ತಿದ್ದರು. ನಾನು ಬೇಡ ಎಂದೆ.

"ಏನ್ ಕಮ್ಮಿ ಅವನಿಗೆ?" ಎಂದು ಅಮ್ಮ ಕೇಳಿದಳು.

"ಏನೂ ಕಮ್ಮಿಯಿಲ್ಲ" ಎಂದೆ.

"ಕಾದಂಬರಿ ಓದಿ ಓದಿ ತಲೆ ಕೆಟ್ಟಿದೆ ಇವಳಿಗೆ" ಎಂದು ಅಮ್ಮ ಅಪ್ಪನ ಕಡೆ ತಿರುಗಿದಳು. ಅಪ್ಪ ಹೊರಗೆ ಹೋಗಿ ಗೇಟಿನ ಹತ್ತಿರ ನಿಂತರು.

ಸೋಮವಾರ ಕೂತ ತಕ್ಷಣ ಕೇಳಿದೆ. "ಯಾಕೆ ಬರೆದ್ರಿ?"

ಯಾವುದನ್ನು ಎಂದು ಅವರು ಕೇಳಲಿಲ್ಲ. "ಅಲ್ಲಿ ಏನೋ ಒಂದು ಬೇಕಾಗಿತ್ತು. ಚೆನ್ನಾಗಿತ್ತು."

"ಅಷ್ಟೇನಾ?"

"ಪುಸ್ತಕಕ್ಕೆ ಅಷ್ಟು ಸಾಕು."

"ಆ ಗಂಡು ಬೇಡ ಅಂದ್ಬಿಟ್ಟೆ" ಎಂದೆ. ಅವರು ಪೆನ್ಸಿಲ್ ಕೆತ್ತಲು ಶುರುಮಾಡಿದರು. ಅದು ಆಗಲೇ ಚೂಪಾಗಿತ್ತು. ಆದರೂ ಕೆತ್ತಿದರು.

ಪುಸ್ತಕ ಹೊರಬಂದ ಮೇಲೆ ಕಾಗದಗಳು ಶುರುವಾದವು. ಹಿಂದೆಂದೂ ಅಷ್ಟು ಬಂದಿರಲಿಲ್ಲ. ಎಲ್ಲರೂ ಆ ಒಂದು ಮಾತನ್ನೇ ಹಿಡಿದಿದ್ದರು. ಒಬ್ಬಾಕೆ ಅದನ್ನು ಕಸೂತಿ ಹಾಕಿ ಗೋಡೆಗೆ ತೂಗುಹಾಕಿದ್ದೇನೆ ಎಂದು ಬರೆದಿದ್ದಳು. ಮೇಷ್ಟ್ರಿಗೆ ತಾವು ಬರೆದದ್ದನ್ನು ಮತ್ತೆ ಓದುವ ಅಭ್ಯಾಸವಿರಲಿಲ್ಲ. ಕಾಗದಗಳನ್ನು ನೋಡಿ, ನಶ್ಯದ ಕೈಯನ್ನು ಪಂಚೆಗೆ ಒರೆಸಿಕೊಂಡು, "ಕೆಲವು ಮಾತು ನಮ್ಮ ಕೈಯಿಂದ ತಾನಾಗೇ ಬಂದ್ಬಿಡುತ್ತೆ ಕಣಮ್ಮ" ಎಂದರು. ನಾನೂ ಅನಂತರಾಮಯ್ಯನವರೂ ಮೇಜು ನೋಡಿದೆವು.

ಮನೆಯಲ್ಲಿ ಅಮ್ಮ ಆ ಪುಟ ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಂಥಾ ಮಾತು ಬರೀತಾನೆ ಮಹಾರಾಯ! ಹೆಣ್ಣಿನ ಹೊಟ್ಟೆಯೊಳಗೆ ಹೊಕ್ಕು ಬಂದವನ ಹಾಗೆ." ನಾನು ಕೊಡ ತೆಗೆದುಕೊಂಡು ಹಿತ್ತಲಿಗೆ ಹೋದೆ. ನಲ್ಲಿಯಲ್ಲಿ ನೀರು ಬರುವ ಹೊತ್ತಲ್ಲ ಅದು.

ಆಮೇಲಿನದು ಯಾವ ಶತ್ರುವಿಗೂ ಬೇಡ ಎನ್ನುತ್ತೇನೆ. ಮೇಷ್ಟ್ರು ಆ ಮಾತಿಗೆ ಮನಸೋತುಬಿಟ್ಟರು. ಜನ ಮೆಚ್ಚಿದ್ದನ್ನು ಬಿಡುವ ಜಾಯಮಾನ ಅವರದಲ್ಲ. ವರ್ಷಕ್ಕೊಂದು ಕಾದಂಬರಿಯಲ್ಲಾದರೂ ಅದನ್ನು ತರುತ್ತಿದ್ದರು. ಒಮ್ಮೆ ನೌಕೆಯ ಮೇಲೆ, ಒಮ್ಮೆ ಸೆರೆಮನೆಯ ಬಾಗಿಲಲ್ಲಿ, ಒಮ್ಮೆ ಚಿತೆಯ ಎದುರು ಯಾವುದೋ ನಾಯಕಿ ಯಾವುದೋ ಗಾಯಗೊಂಡವನಿಗೆ ನನ್ನ ಮಾತನ್ನು ಹೇಳುತ್ತಿದ್ದಳು. ಈಗ ಅದು ಮೇಷ್ಟ್ರ ಕೈಬರಹದಲ್ಲೇ ಇರುತ್ತಿತ್ತು. ನಾನು ಅದನ್ನು ಅನಂತರಾಮಯ್ಯನವರ ಎದುರು 'ಕಾಮಾ' 'ಪೂರ್ಣವಿರಾಮ' ಸಹಿತ ಓದಬೇಕು. ಅವರು ಕರಡಿನಲ್ಲಿ ಎಲ್ಲವೂ ಸರಿಯಾಗಿದೆಯೇ ನೋಡಬೇಕು. ಪ್ರತಿ ಸಲವೂ ಓದಿ ಮುಗಿಸಿ ಒಂದು ಉಸಿರಿನಷ್ಟು ನಿಲ್ಲುತ್ತಿದ್ದೆ. ಆ ಒಂದು ಉಸಿರಿನಲ್ಲಿ ಅವರು ತಲೆ ಎತ್ತಬಹುದು. ಎತ್ತುತ್ತಿರಲಿಲ್ಲ. ನಾನು ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದೆ. ಹೀಗೆಯೇ ಅರವತ್ತರ ದಶಕ ಕಳೆಯಿತು. ಜಯನಗರದ ಖಾಲಿ ಸೈಟುಗಳಲ್ಲೆಲ್ಲ ಮನೆಗಳೆದ್ದವು, ಬಸ್ಸುಗಳು ಹೆಚ್ಚಾದವು. ಇನ್ನೆರಡು ಗಂಡುಗಳು ಬಂದು ಹೋದವು. ನಾಲ್ಕನೆಯದನ್ನು ಅಪ್ಪ ಕರೆತರಲಿಲ್ಲ.

ದಶಕದ ಕೊನೆಗೆ ಅನಂತರಾಮಯ್ಯನವರ ಕಣ್ಣು ಮಂಜಾಗತೊಡಗಿತು. ಅಚ್ಚಿನ ಸಣ್ಣ ಅಕ್ಷರ ಕಾಣಿಸುತ್ತಿರಲಿಲ್ಲ, ಮೇಷ್ಟ್ರ ದೊಡ್ಡ ಅಕ್ಷರ ಹೇಗೋ ಕಾಣುತ್ತಿತ್ತು. ಮಾಲೀಕರು ನಮ್ಮ ಜಾಗ ಬದಲಾಯಿಸಿದರು. ಇನ್ನು ಮೇಲೆ ಅವರು ಓದುವುದು, ನಾನು ತಿದ್ದುವುದು. ಅವರಿಗೆ ಓದಲು ಅಷ್ಟು ಒಳ್ಳೆಯ ದನಿ ಇದೆಯೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಒಂದು ಒತ್ತೂ ತಪ್ಪುತ್ತಿರಲಿಲ್ಲ.

ಎರಡನೇ ತಿಂಗಳಿಗೆ ಅದು ಬಂತು. ಕರಡಿನಲ್ಲಿ ನನಗೆ ಮೊದಲೇ ಕಂಡಿತು. ನಾಯಕಿ ಬಾಗಿಲಲ್ಲಿ ನಿಂತಿದ್ದಾಳೆ, ಇನ್ನು ಎರಡು ಸಾಲಿಗೆ ಆ ಮಾತು. ಎಂಟು ವರ್ಷದಲ್ಲಿ ಮೊದಲ ಸಲ ಅದನ್ನು ಅವರ ಬಾಯಿಂದ ಕೇಳುತ್ತೇನೆ. ಪೆನ್ಸಿಲಿನ ತುದಿಯನ್ನು ಆ ಸಾಲಿನ ಮೇಲಿಟ್ಟೆ. ಅವರು ಓದುತ್ತಾ ಬಂದರು, ಒಂದು ಕ್ಷಣ ತಡೆದರು, ಅದನ್ನು ಬಿಟ್ಟು ಮುಂದಿನ ವಾಕ್ಯ ಓದಿದರು.

"ಒಂದು ವಾಕ್ಯ ಬಿಟ್ರಿ" ಎಂದೆ.

"ಗೊತ್ತು."

"ಕರಡಿನಲ್ಲಿದೆ. ಓದಿ."

ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು. "ಅದೊಂದು ನನ್ ಕೈಲಿ ಓದೋಕಾಗಲ್ಲ, ವಿಶಾಲಾಕ್ಷಿ."

ಹೆಸರಿನ ಕೊನೆಗೆ ‘ಅಮ್ಮ’ ಇರಲಿಲ್ಲ. 

"ನಾನು ಎಷ್ಟು ಸಲ ಓದಿದೀನಿ, ಗೊತ್ತಾ ನಿಮ್ಗೆ?"

"ಒಂಬತ್ತು ಸಲ. ಮೊದಲ್ನೇದೂ ಸೇರಿಸಿ."

ಎಣಿಸಿಟ್ಟುಕೊಂಡಿದ್ದರು. ನಾನು ಪೆನ್ಸಿಲ್ ಕೆಳಗಿಟ್ಟೆ. "ಹಾಗಿದ್ರೆ ಒಂದ್ಸಲನಾದ್ರೂ ಯಾಕೆ ಹೇಳ್ಲಿಲ್ಲ? ಇರು ಅಂತ ಒಂದು ಮಾತು."

ಅವರು ಕಿಟಕಿಯ ಕಡೆ ನೋಡಿದರು. ಅವರ ಕಣ್ಣಿಗೆ ಗುಡ್ಡ ಕಾಣುತ್ತಿತ್ತೋ ಇಲ್ಲವೋ. ನನ್ನ ಕಡೆ ತಿರುಗಿ, ಬಹಳ ಮೆತ್ತಗೆ ಹೇಳಿದರು.

"ನಾನು ಹೇಳ್ದೇನೇ ನೀವು ಇದ್ರಲ್ಲ."

ಅದರಲ್ಲಿ ಗೇಲಿ ಇರಲಿಲ್ಲ. ಕೃತಜ್ಞತೆ ಇತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಮೇಷ್ಟ್ರ ಸೇನಾಪತಿಗಳು ಕೊನೆಗೆ ಬಾಯಿ ಬಿಡುತ್ತಿದ್ದುದು ಹನ್ನೆರಡನೇ ಫಾರಂ ಬಂದೇ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ. ನಾನು ಇವರಿಗೆ ಆ ಕೊನೆಯ ಫಾರಂ ಬರಗೊಟ್ಟಿರಲೇ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಎದುರಿಗೆ ಕೂರುತ್ತಿದ್ದೆ, ಅವರಿಗೆ ಅಷ್ಟು ಸಾಕಾಗಿತ್ತು. ಅವರ ಗಾಯ ನಾನು ಮದ್ದು ಕಟ್ಟಲಿ ಎಂದು ಇದ್ದದ್ದಲ್ಲ. ಅದು ಅವರ ಮನೆ. ಅಲ್ಲಿ ಅವರು ಸಂಸಾರ ಮಾಡಿಕೊಂಡಿದ್ದರು.

ಆ ಫಾರಂ ಮುಗಿಸಿದೆವು. ಬಿಟ್ಟ ವಾಕ್ಯವನ್ನು ನಾನೇ ಹಾಳೆ ತೆಗೆದುಕೊಂಡು ನೋಡಿ, ಸರಿ ಇದೆ ಎಂದು ಗುರುತು ಹಾಕಿದೆ. ಮಲ್ಲೇಶ್ವರದ ಕಡೆಯ ಒಂದು ಪಠ್ಯಪುಸ್ತಕದ ಪ್ರಕಾಶನದವರು ತಿಂಗಳಿಂದ ನನ್ನನ್ನು ಕರೆಯುತ್ತಿದ್ದರು. ಮರುದಿನ ಅವರಿಗೆ ಬರುತ್ತೇನೆ ಎಂದು ಬರೆದೆ. ಆಮೇಲೆ ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಅಲ್ಲಿ ಬೀಜಗಣಿತ, ಭೂಗೋಳ. ಒಬ್ಬರೇ ಕೂತು ಕಣ್ಣಿನಲ್ಲೇ ಓದಿ ತಿದ್ದುವ ಪದ್ಧತಿ.

ಹಳೆಯ ಅಚ್ಚುಕೂಟದಲ್ಲಿ ಕೊನೆಯ ದಿನ ಮಾಲೀಕರು ಹಾರ ಹಾಕಿದರು, ಮೇಷ್ಟ್ರು ಆಶೀರ್ವಾದ ಮಾಡಿದರು. ಸಂಜೆ ಐದಕ್ಕೆ ಹೊರಟಾಗ ಅನಂತರಾಮಯ್ಯ ಬಾಗಿಲವರೆಗೆ ಬಂದರು. ನಾನು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದೆ. ಎಡಗಾಲಿನದು ಹಾಕಿಕೊಂಡೆ, ಬಾರು ಸರಿಮಾಡಿಕೊಂಡೆ. ಬಲಗಾಲಿನದು ಹಾಕಿಕೊಂಡೆ. ಮತ್ತೆ ಎಡಗಾಲಿನ ಬಾರು ಬಿಚ್ಚಿದೆ. ನನಗೆ ಬೇಕಿದ್ದದ್ದು ಎರಡಕ್ಷರ. ಅವನ್ನು ಅವರು ಹೇಳಿದ್ದರೆ, ಬೆಳಿಗ್ಗೆ ಹಾಕಿದ್ದ ಹಾರವನ್ನು ಅಲ್ಲೇ ಗೂಟಕ್ಕೆ ನೇತುಹಾಕಿ ಒಳಗೆ ಹೋಗುತ್ತಿದ್ದೆ. ಇದನ್ನು ಬರೆಯುವ ಈ ಹೊತ್ತಿನಲ್ಲೂ ಹಾಗೆಯೇ ಅನ್ನಿಸುತ್ತದೆ.

ಅವರು ಗಂಟಲು ಸರಿಮಾಡಿಕೊಂಡರು. ನಾನು ತಲೆ ಎತ್ತಿದೆ.

"ಹೊರಡಿ, ಬಸ್ಸು ತಪ್ಪುತ್ತೆ" ಎಂದರು.

ಹೊರಟೆ. ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು. ಅದು ಇಬ್ಬರಿಗೂ ಗೊತ್ತಿತ್ತು.